ತಯಾರಿಕೆ ನಿಂತ ಮಾತ್ರೆ

ಪೇಟೆ ಬೀದಿಯ ತಿರುವಿನಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿ. ಅಂಗಡಿ ಎಂದರೆ ದೊಡ್ಡದೇನಲ್ಲ, ಇಬ್ಬರು ಅಕ್ಕಪಕ್ಕ ಕೂತರೆ ಮೂರನೆಯವರು ಬೀದಿಯಲ್ಲೇ ನಿಂತು ಮಾತಾಡಬೇಕು. ಕೂರುವ ಆ ಇಬ್ಬರು ಅಕ್ಕ ಮತ್ತು ತಮ್ಮ. ತಮ್ಮನನ್ನು ಬೀದಿಯವರು ಗಡಿಯಾರದಣ್ಣ ಎಂದು ಕರೆಯುತ್ತಿದ್ದರು. ಅಕ್ಕ ಮಾತ್ರ ಎಲ್ಲರಿಗೂ ಅಕ್ಕನೇ.

ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರಿಗಾದರೂ ಇದ್ದೇ ಇರುತ್ತದೆ, ಹಾಗಾಗಿ ಬಿಡಿಸಿ ಹೇಳಬೇಕಿಲ್ಲ. ಚಳಿ ಬಿದ್ದರೆ, ಧೂಳು ಎದ್ದರೆ, ಒಮ್ಮೊಮ್ಮೆ ಜೋರಾಗಿ ನಕ್ಕರೂ ಸಾಕು, ಎದೆ ಸುಯ್‌ಗುಟ್ಟಲು ಶುರುವಾಗುತ್ತಿತ್ತು. "ದೇವರು ಎಲ್ಲರಿಗೂ ಉಸಿರನ್ನ ಒಟ್ಟಿಗೆ ಕೊಟ್ಟ, ನಂಗೆ ಮಾತ್ರ ಕಂತಿನಲ್ಲಿ ಕೊಡ್ತಿದ್ದಾನೆ ಕಣೋ" ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಆದರೆ ಅವಳ ಕೈ ಇತ್ತಲ್ಲ, ಅದರ ಮಾತೇ ಬೇರೆ. ಹಳೆಯ ಕೈಗಡಿಯಾರದ ಹೊಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಸುರುಳಿ ಸ್ಪ್ರಿಂಗ್ ಒಂದಿರುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಅದನ್ನು ಎತ್ತಿ, ಕೂರುವ ಜಾಗದಲ್ಲಿ ಕೂರಿಸಬೇಕು. ಬೆರಳು ಚೂರು ಅದುರಿದರೂ ಸ್ಪ್ರಿಂಗ್ ಸೊಟ್ಟಗಾಗುತ್ತದೆ, ಗಡಿಯಾರ ಮೂಲೆ ಸೇರುತ್ತದೆ. ಗಟ್ಟಿಮುಟ್ಟಾಗಿದ್ದ ತಮ್ಮನಿಗೆ ಆ ಕೆಲಸ ಒಗ್ಗಲೇ ಇಲ್ಲ. ಉಸಿರಿಗೆ ಪರದಾಡುವ ಅಕ್ಕ ಮಾತ್ರ ಮಾತಾಡುತ್ತ ಮಾತಾಡುತ್ತಲೇ ಕೂರಿಸಿಬಿಡುತ್ತಿದ್ದಳು. "ನಿನ್ನ ಕೈಗೆ ಗೋಡೆ ಗಡಿಯಾರನೇ ಸರಿ, ಅದನ್ನ ಬೇಕಾದ್ರೆ ಸುತ್ತಿಗೇಲಿ ಬಡಿ" ಎಂದು ಅವನನ್ನು ಛೇಡಿಸುತ್ತಿದ್ದಳು. ಪಕ್ಕದ ಊರುಗಳಿಂದಲೂ ಜನ ಅಕ್ಕನ ಕೈಗೆಂದೇ ಗಡಿಯಾರ ತರುತ್ತಿದ್ದರು. ಗಡಿಯಾರದಣ್ಣನಿಗೆ ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಹೆಮ್ಮೆಯಿತ್ತು.

ಉಬ್ಬಸ ಬಂದ ದಿನ ಅಕ್ಕ ಒಂದು ಹಳದಿ ಮಾತ್ರೆ ನುಂಗುತ್ತಿದ್ದಳು. ಯಾವುದೋ ಕಾಲದಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಬರೆದುಕೊಟ್ಟದ್ದು. ಡಾಕ್ಟರು ತೀರಿಕೊಂಡರು, ಚೀಟಿ ಮಡಿಕೆಮಡಿಕೆಗೂ ಹರಿಯಿತು, ಮಾತ್ರೆ ಮಾತ್ರ ಮುಂದುವರಿಯಿತು. ತಿಂಗಳಿಗೆ ಎರಡೋ ಮೂರೋ ನುಂಗಿದರೆ ಹೆಚ್ಚು.

ಹೀಗಿರುವಾಗ ಒಂದು ದಿನ ಔಷಧಿ ಅಂಗಡಿಯವನು ತಲೆಯಾಡಿಸಿದ.

"ಆ ಮಾತ್ರೆ ಇನ್ನು ಬರಲ್ಲ ಅಣ್ಣ. ಕಂಪನಿಯವರು ಮಾಡೋದನ್ನೇ ನಿಲ್ಲಿಸಿದ್ದಾರೆ. ಅಕ್ಕನ್ನ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಈಗ ಬೇರೆ ಔಷಧಿ ಬಂದಿದೆ, ಬರ್ಕೊಡ್ತಾರೆ."

"ನಿಂತೇ ಹೋಯ್ತಾ? ನಿನ್ನ ಹತ್ರ ಉಳಿದಿರೋದು ಎಷ್ಟಿದೆ?" ಎಂದು ಕೇಳಿದ ಗಡಿಯಾರದಣ್ಣ.

ಬೇರೆ ಯಾರಾದರೂ ಆಗಿದ್ದರೆ ಸೀದಾ ಆಸ್ಪತ್ರೆಗೆ ಹೋಗುತ್ತಿದ್ದರೋ ಏನೋ. ಇವನು ಗಡಿಯಾರದವನು. ಅವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಯಾವುದಾದರೂ ಕಂಪನಿ ಒಂದು ಗಡಿಯಾರದ ತಯಾರಿಕೆ ನಿಲ್ಲಿಸಿತು ಎಂದು ಸುದ್ದಿ ಬಂದರೆ ರಿಪೇರಿಯವರು ಊಟ ಬಿಟ್ಟು ಓಡುತ್ತಾರೆ. ಎಲ್ಲಿ ಯಾವ ಅಂಗಡಿಯಲ್ಲಿ ಅದರ ಚಕ್ರ, ಮುಳ್ಳು, ಗಾಜು ಉಳಿದಿದೆಯೋ ಎಲ್ಲವನ್ನೂ ಬಾಚಿ ತಂದು ಡಬ್ಬಿಗೆ ತುಂಬುತ್ತಾರೆ. ಆಮೇಲೆ ಇಪ್ಪತ್ತು ವರ್ಷ ಆ ಗಡಿಯಾರಕ್ಕೆ ಅವರೇ ದಿಕ್ಕು. ನಿಂತುಹೋದದ್ದು ಅಂದರೆ ಅವರ ಲೆಕ್ಕದಲ್ಲಿ ಅಪರೂಪದ್ದು, ಕಾಪಾಡಿಕೊಳ್ಳಬೇಕಾದದ್ದು. ಗಡಿಯಾರದಣ್ಣ ಮಾತ್ರೆಗೂ ಅದನ್ನೇ ಮಾಡಿದ.

ಎರಡು ದಿನ ಅಂಗಡಿಗೆ ಬೀಗ ಹಾಕಿ ಸೈಕಲ್ಲಿನಲ್ಲಿ ಊರೂರು ಸುತ್ತಿದ. ಕಂಡ ಔಷಧಿ ಅಂಗಡಿಗೆಲ್ಲ ಹರಿದ ಚೀಟಿ ತೋರಿಸಿದ. ಕೆಲವರು ಆಗಲ್ಲ ಎಂದರು. ಕೆಲವರು ಮೂಲೆಯಲ್ಲಿ ಕೂತಿದ್ದ ಮಾಲು ಹೋದರೆ ಸಾಕೆಂದು ಡಬ್ಬಿಗಟ್ಟಲೆ ಕೊಟ್ಟುಬಿಟ್ಟರು. ಅಂಗಡಿಗೆ ಬಂದು, ಬಿಡಿಭಾಗ ಇಡುವ ಸಣ್ಣಸಣ್ಣ ಖಾನೆಗಳ ಬೀರುವಿನಲ್ಲಿ ಒಂದು ಸಾಲನ್ನೇ ಖಾಲಿ ಮಾಡಿ, ಮಾತ್ರೆಯ ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಸಾಲಾಗಿ ಜೋಡಿಸಿಟ್ಟ. ಕತ್ತರಿಸುವಾಗ ಅಂಚಿನಲ್ಲಿದ್ದ ಅವಧಿ ಮುಗಿಯುವ ದಿನಾಂಕಗಳೂ ಕಸಕ್ಕೆ ಹೋದವು.

"ನೋಡಕ್ಕ, ಇನ್ನು ನಿಂಗೆ ಯೋಚ್ನೆ ಇಲ್ಲ. ನಾನಿರೋವರೆಗೂ ನಿನ್ನ ಉಸಿರಿಗೆ ಸ್ಪೇರ್ ಪಾರ್ಟು ರೆಡಿ" ಎಂದ.

ಅಕ್ಕನ ಕಣ್ಣಲ್ಲಿ ನೀರು ಬಂತು. ಯಾರ ತಮ್ಮ ತಾನೇ ಅಕ್ಕನಿಗಾಗಿ ಇಷ್ಟು ಅಲೆದಾನು?

ಖಾನೆ ತುಂಬ ಮಾತ್ರೆ ಇತ್ತಲ್ಲ, ಗಡಿಯಾರದಣ್ಣನಿಗೆ ಇನ್ನೊಂದು ಯೋಚನೆ ಬಂತು. ಗಡಿಯಾರ ನಿಂತ ಮೇಲೆ ಚಾವಿ ಕೊಡುವವನು ದಡ್ಡ. ನಿಲ್ಲುವ ಮೊದಲೇ ದಿನಾ ಒಂದೇ ಹೊತ್ತಿಗೆ ಚಾವಿ ಕೊಡುವವನ ಗಡಿಯಾರ ತಪ್ಪುವುದಿಲ್ಲ. ಹಾಗೇ ಉಬ್ಬಸ ಬರುವ ಮೊದಲೇ ಮಾತ್ರೆ ಕೊಟ್ಟರೆ? ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಶುರುವಾಯಿತು. ಡಾಕ್ಟರನ್ನು ಯಾರೂ ಕೇಳಲಿಲ್ಲ. ಅಕ್ಕನ ಅಂಗೈಗೆ ಮಾತ್ರೆ ಇಟ್ಟು, ನೀರಿನ ಲೋಟ ಕೊಟ್ಟು, ಅವಳು ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದ.

ಮೂರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅಕ್ಕನ ಚಿಮಟ ತಟ್ಟೆಯ ಅಂಚಿಗೆ ತಾಗಿ ಟಿಣ್ ಎಂದಿತು. ಸ್ಪ್ರಿಂಗ್ ಸೊಟ್ಟಗಾಯಿತು. "ಅಯ್ಯೋ, ಏನಾಯ್ತೋ ಇವತ್ತು" ಎಂದು ನಕ್ಕಳು. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ನಗಲಿಲ್ಲ. ಬೆರಳ ತುದಿಯಲ್ಲಿ ಸಣ್ಣ ನಡುಕ. ಎದೆ ಸದಾ ಢವಢವ ಎನ್ನುತ್ತಿತ್ತು, ನಿದ್ದೆ ಅರೆಬರೆ, ಹಗಲೆಲ್ಲ ಮಂಪರು. ಐವತ್ತು ದಾಟಿತಲ್ಲ, ವಯಸ್ಸು ಎಂದುಕೊಂಡರು. ವರ್ಷ ಕಳೆಯುವುದರೊಳಗೆ ಅಕ್ಕ ತಾನಾಗಿಯೇ ಚಿಮಟವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಮ್ಮನ ಮುಂದಿಟ್ಟಳು.

"ಇನ್ನು ನೀನೇ ನೋಡ್ಕೋ. ನಾನು ಗಿರಾಕಿಗಳಿಗೆ ಚೀಟಿ ಬರೀತೀನಿ."

ಬರೆಯುವಾಗಲೂ ಅಕ್ಷರ ಓಲಾಡುತ್ತಿತ್ತು. ಗಿರಾಕಿಗಳ ಮುಂದೆ ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡು ಕೂರುವುದನ್ನು ಅವಳು ಕಲಿತಳು. ಹೀಗೆ ಐದು ವರ್ಷ ಹೋಯಿತು. ತಮ್ಮ ಬೆಳಿಗ್ಗೆ ಒಂದು, ಸಂಜೆ ಒಂದು, ತಪ್ಪದೆ ಕೊಡುತ್ತಲೇ ಇದ್ದ.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ಸಿಸ್ಟರ್ ಅಂಗಡಿಗೆ ಬಂದರು. ಅವರ ಕೈಗಡಿಯಾರದ ಸೆಕೆಂಡ್ ಮುಳ್ಳು ನಿಂತುಹೋಗಿತ್ತು.

"ಗಂಟೆ ನಿಮಿಷ ಕೆಟ್ರೂ ಪರವಾಗಿಲ್ಲ ಅಣ್ಣ, ನಂಗೆ ಸೆಕೆಂಡ್ ಮುಳ್ಳು ಬೇಕೇಬೇಕು. ನಾಡಿ ಎಣಿಸ್ಬೇಕಲ್ಲ" ಎಂದರು.

ಅಕ್ಕ ಚೀಟಿ ಬರೆದು ಕೊಟ್ಟಳು. ಸಿಸ್ಟರ್ ಚೀಟಿ ನೋಡಲಿಲ್ಲ, ಚೀಟಿ ಹಿಡಿದ ಕೈ ನೋಡಿದರು.

"ಅಕ್ಕ, ಕೈ ಯಾವಾಗಿಂದ ಹೀಗೆ?"

"ವಯಸ್ಸಾಯ್ತಲ್ಲಮ್ಮ."

"ಎಷ್ಟು ವಯಸ್ಸು?"

"ಐವತ್ತಾರು."

"ಅದೂ ಒಂದು ವಯಸ್ಸಾ? ನಮ್ಮತ್ತೆ ಎಂಬತ್ತರಲ್ಲಿ ಸೂಜಿಗೆ ದಾರ ಪೋಣಿಸ್ತಾರೆ. ಯಾವ ಮಾತ್ರೆ ತಗೋತಿದ್ದೀರಿ?"

ಗಡಿಯಾರದಣ್ಣನಿಗೆ ಈ ಪ್ರಶ್ನೆ ಕೇಳಿ ಖುಷಿಯೇ ಆಯಿತು. ಎದ್ದು ಒಳಗಿನ ಬೀರುವಿನ ಖಾನೆ ಎಳೆದು ತಂದು, ಒಡವೆ ತೋರಿಸುವವನ ಹಾಗೆ ಸಿಸ್ಟರ್ ಮುಂದೆ ಇಟ್ಟ. ಅವರು ಒಂದು ಪಟ್ಟಿ ಎತ್ತಿ ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು.

"ಅಣ್ಣ, ಇದು ನಿಂತು ಎಷ್ಟೋ ವರ್ಷ ಆಯ್ತಲ್ಲ!"

"ಅದಕ್ಕೇ ಅಲ್ವಾ ಸಿಸ್ಟರ್ ತಂದಿಟ್ಟಿರೋದು. ಈಗ ಎಲ್ಲಿ ಹುಡುಕಿದ್ರೂ ಸಿಗಲ್ಲ."

"ಯಾಕೆ ನಿಲ್ಲಿಸಿದ್ರು ಅಂತ ಕೇಳಿದ್ರಾ?"

"ಕೇಳೋದೇನು? ಒಳ್ಳೊಳ್ಳೆ ಗಡಿಯಾರ ಎಲ್ಲ ನಿಂತುಹೋದ್ವು. ಕೆಟ್ಟದ್ದು ಅಂತ ನಿಲ್ಲಿಸಿದ್ರಾ? ಒಳ್ಳೇದಕ್ಕೆ ಕಾಲ ಇಲ್ಲ, ಅಷ್ಟೇ."

ಸಿಸ್ಟರ್ ಮೆಟ್ಟಿಲ ಮೇಲೇ ಕೂತರು. ಕೂತು, ನಿಧಾನವಾಗಿ ಬಿಡಿಸಿ ಹೇಳಿದರು.

"ನೋಡಿ ಅಣ್ಣ, ಈ ಒಂದು ಮಾತ್ರೇಲಿ ಮೂರು ಔಷಧಿ ಇವೆ. ಎರಡು ಉಸಿರಿನ ದಾರಿ ಬಿಡಿಸ್ತವೆ, ನಿಜ. ಆದ್ರೆ ಅವೇ ಎದೆ ಬಡಿತ ಏರಿಸ್ತವೆ, ಕೈ ನಡುಗಿಸ್ತವೆ, ನಿದ್ದೆ ಕೆಡಿಸ್ತವೆ. ಅದನ್ನ ಅದುಮಿಡೋಕೆ ಅಂತ ಮೂರನೇದು, ಮಂಪರು ಬರಿಸೋದು. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಾರೆ. ಒಂದು ಸ್ವಲ್ಪ ಹೆಚ್ಚು ಬೇಕು, ಇನ್ನೊಂದು ಬೇಡ ಅಂದ್ರೆ ಬಿಚ್ಚೋ ಹಾಗಿಲ್ಲ. ಒಂದು ಕಾಲಕ್ಕೆ ಇದೇ ಗತಿ ಆಗಿತ್ತು. ಈಗ ಇದಕ್ಕಿಂತ ಒಳ್ಳೇದು, ಅಪಾಯ ಕಡಿಮೆ ಇರೋದು ಬಂದಿದೆ. ಅದಕ್ಕೇ ಇದನ್ನ ಬಿಟ್ರು."

"ಅಂದ್ರೆ ಕೈ ನಡುಗೋದು..." ಅಕ್ಕ ಮಾತು ಅರ್ಧಕ್ಕೇ ನಿಲ್ಲಿಸಿದಳು.

"ಇದರಿಂದಾನೇ ಅಂತ ನಾನು ಹೇಳಲ್ಲ ಅಕ್ಕ, ಡಾಕ್ಟರು ನೋಡಿ ಹೇಳ್ಬೇಕು. ಆದ್ರೆ ನಂಗೆ ಅನುಮಾನ ಇದೆ. ಅದೂ ಅಲ್ದೆ ಇದರ ದಿನಾಂಕ ಯಾವತ್ತೋ ಮುಗಿದಿರುತ್ತೆ. ಗಡಿಯಾರದ ಚಕ್ರ ಡಬ್ಬೀಲಿ ಎಷ್ಟು ವರ್ಷ ಇದ್ರೂ ಚಕ್ರನೇ. ಮಾತ್ರೆ ಹಾಗಲ್ಲ."

"ದಿನಾಂಕ ಎಲ್ಲ ಕಂಪನಿಯವರು ವ್ಯಾಪಾರಕ್ಕೆ ಹಾಕೋದು ಬಿಡಿ" ಎಂದ ಗಡಿಯಾರದಣ್ಣ. ಅವನ ದನಿ ಗಡುಸಾಗಿತ್ತು. "ಹೊಸದು ಅಂದ್ರೆ ಆ ಬಾಯಿಗಿಟ್ಟು ಎಳೆಯೋದು ತಾನೇ? ಅದು ಕೊನೇ ಹಂತದವರಿಗೆ ಕೊಡೋದಂತೆ. ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ವಂತೆ."

"ಅಂತೆ ಅಂತೆ ಅಂತ ಯಾರು ಹೇಳಿದ್ರು? ಇನ್ಹೇಲರ್‌ನಲ್ಲಿ ಔಷಧಿ ಸೀದಾ ಎದೆಗೆ ಹೋಗುತ್ತೆ, ಅದಕ್ಕೇ ಚೂರೇ ಚೂರು ಸಾಕು. ಮಾತ್ರೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಿ ಬರ್ಬೇಕು. ಎಳೇ ಮಕ್ಕಳಿಗೂ ಕೊಡ್ತೀವಿ ಅಣ್ಣ, ಚಟ ಹತ್ತಲ್ಲ. ನಾಳೆ ಡಾಕ್ಟರು ಇರ್ತಾರೆ, ಅಕ್ಕನ್ನ ಕರ್ಕೊಂಡು ಬನ್ನಿ. ಹಾಂ, ಅಲ್ಲೀವರೆಗೂ ನೀವಾಗೇ ದಿಢೀರ್ ಅಂತ ನಿಲ್ಲಿಸ್ಬೇಡಿ. ಮಂಪರಿನ ಔಷಧಿ ಒಮ್ಮೆಲೇ ಬಿಟ್ರೆ ಅದೂ ತೊಂದ್ರೆ. ಹೇಗೆ ಬಿಡ್ಬೇಕು ಅಂತ ಅವರೇ ಹೇಳ್ತಾರೆ."

ಸಿಸ್ಟರ್ ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. "ಹೋಗಿ ಬರೋಣ್ವೇನೋ ನಾಳೆ?"

"ಮುಂದಿನ ವಾರ ನೋಡೋಣ. ಶಾಲೆ ಗಡಿಯಾರ ಕೊಡೋದಿದೆ."

ಶಾಲೆಯ ಗಡಿಯಾರಕ್ಕೆ ಅಂಥ ಅವಸರವೇನೂ ಇರಲಿಲ್ಲ. ಐದು ವರ್ಷ ತಾನು ಪ್ರೀತಿಯಿಂದ ಮಾಡಿದ್ದನ್ನು ಒಬ್ಬರು ಬಂದು, ಮೆಟ್ಟಿಲ ಮೇಲೆ ಕೂತು, ತಪ್ಪು ಎಂದರೆ ಯಾರಿಗೆ ಹಿಡಿಸುತ್ತದೆ? ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟಿನ ಅಡಿಯಲ್ಲಿ ಭಯ ಇತ್ತು, ಅದನ್ನು ಮುಟ್ಟಿ ನೋಡುವ ಧೈರ್ಯ ಇರಲಿಲ್ಲ. ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು. ಅಕ್ಕ ಮತ್ತೆ ಕೇಳಲಿಲ್ಲ. ತಮ್ಮನ ಮನಸ್ಸು ನೋಯಿಸಬಾರದು ಅಂದುಕೊಂಡಿದ್ದಳು ಪಾಪ.

ನಾಲ್ಕನೆಯ ವಾರ ಪಕ್ಕದ ಮಳಿಗೆಯವರು ಹಳೆಯ ಗೋಡೆ ಒಡೆಸಿದರು. ಬೆಳಗಿನಿಂದ ಸುಣ್ಣದ ಧೂಳು ಬೀದಿ ತುಂಬ. ಹನ್ನೊಂದರ ಹೊತ್ತಿಗೆ ಅಕ್ಕನ ಎದೆ ಸುಯ್‌ಗುಟ್ಟಲು ಶುರುವಾಯಿತು. ಗಡಿಯಾರದಣ್ಣ ಒಂದು ಮಾತ್ರೆ ಕೊಟ್ಟ. ಅರ್ಧ ಗಂಟೆ ನೋಡಿದ. ಇನ್ನೊಂದು ಕೊಟ್ಟ. ಸುಯ್‌ಗುಟ್ಟುವುದು ಇಳಿಯಲಿಲ್ಲ, ಹೆಗಲೆರಡೂ ಮೇಲೇರಿ ಇಳಿಯತೊಡಗಿದವು. ಮೂರನೆಯದು ಕೊಟ್ಟ. ಅಕ್ಕ ವಾಂತಿ ಮಾಡಿಕೊಂಡಳು. ಒಂದು ಮಾತು ಹೇಳಲು ಎರಡು ಸಲ ಉಸಿರೆಳೆದುಕೊಳ್ಳಬೇಕಾಗಿತ್ತು. ತುಟಿ ನೀಲಿಗಟ್ಟುತ್ತಿತ್ತು. ಅವಳ ಮಣಿಕಟ್ಟು ಹಿಡಿದ. ನಾಡಿ ಎಣಿಸಲು ಸಿಗದಷ್ಟು ಓಡುತ್ತಿತ್ತು.

"ಇನ್ನೊಂದು... ಬೇಡ... ಕಣೋ" ಎಂದಳು.

ಗೋಡೆ ಒಡೆಯುತ್ತಿದ್ದವರೇ ಕೆಲಸ ಬಿಟ್ಟು ಓಡಿ ಬಂದರು. ಅವರ ಗಾಡಿಯಲ್ಲೇ ಆರೋಗ್ಯ ಕೇಂದ್ರದ ಆಸ್ಪತ್ರೆಗೆ ಸಾಗಿಸಿದರು.

ಬಾಗಿಲಲ್ಲಿ ಅದೇ ಸಿಸ್ಟರ್ ಇದ್ದರು. ಅಕ್ಕನ ಮುಖಕ್ಕೆ ಮುಖವಾಡದಂಥದ್ದು ಕಟ್ಟಿ, ಔಷಧಿಯ ಹಬೆ ಬಿಟ್ಟರು, ಆಮ್ಲಜನಕ ಹಾಕಿದರು. ನಾನು ಆವತ್ತೇ ಹೇಳಿರಲಿಲ್ವಾ ಎಂದು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಗಡಿಯಾರದಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು.

ಡಾಕ್ಟರು ಹೊರಗೆ ಬಂದು ಕೇಳಿದರು. "ಎಷ್ಟು ಮಾತ್ರೆ ಕೊಟ್ರಿ?"

"ಮೂರು."

"ದಿನಾ?"

"ದಿನಾ ಎರಡು. ಐದು ವರ್ಷದಿಂದ."

"ಯಾರು ಹೇಳಿದ್ದು?"

ಅವನು ಎರಡೂ ಕೈ ಜೋಡಿಸಿ ನಿಂತ. "ಯಾರೂ ಹೇಳ್ಲಿಲ್ಲ ಸಾರ್. ನಾನೇ."

ಡಾಕ್ಟರು ಬೈಯಲಿಲ್ಲ. "ಇನ್ನು ಸ್ವಲ್ಪ ತಡ ಆಗಿದ್ರೆ ನಾನು ಮಾಡೋಕೆ ಏನೂ ಇರ್ತಿರ್ಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಕೂತು ಗಡಿಯಾರದಣ್ಣ ಐದು ವರ್ಷವನ್ನು ಹಿಂದಕ್ಕೆ ತಿರುಗಿಸಿ ನೋಡಿದ. ಔಷಧಿ ಅಂಗಡಿಯವನು ನಿಂತುಹೋಗಿದೆ ಎಂದಾಗ, ಯಾಕೆ ನಿಂತಿತು ಎಂದು ಒಂದು ಪ್ರಶ್ನೆ ಕೇಳಬಹುದಿತ್ತು. ಎಷ್ಟು ಉಳಿದಿದೆ ಎಂದು ಕೇಳಿದ. ಕೈ ನಡುಗಿದಾಗ ಯಾಕೆ ಎಂದು ಕೇಳಬಹುದಿತ್ತು. ವಯಸ್ಸು ಎಂದ. ಒಂದು ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬಿದ್ದರೂ ಹಿಂಬದಿ ಮುಚ್ಚಳ ಬಿಚ್ಚಿ ಕಾರಣ ಹುಡುಕುವವನು, ಒಡಹುಟ್ಟಿದವಳ ವಿಷಯದಲ್ಲಿ ಒಂದು ದಿನವೂ ಹುಡುಕಲಿಲ್ಲ. ಅವನು ಮುಖ ಮುಚ್ಚಿಕೊಂಡು ಅತ್ತ.

ಅಕ್ಕ ಉಳಿದಳು. ಆರನೆಯ ದಿನ ಮನೆಗೆ ಬಂದಳು. ಹಳೆಯ ಮಾತ್ರೆಯನ್ನು ಡಾಕ್ಟರು ತಮ್ಮ ಕಣ್ಣೆದುರಿಗೇ, ಹಂತಹಂತವಾಗಿ ಬಿಡಿಸಿದರು. ಎರಡು ಇನ್ಹೇಲರ್ ಕೊಟ್ಟರು. ಒಂದು ದಿನಾ ತಗೊಳ್ಳುವುದು, ಉಸಿರಿನ ದಾರಿಯ ಊತ ಇಳಿಸಲು, ಉಬ್ಬಸ ಇರಲಿ ಬಿಡಲಿ. ಇನ್ನೊಂದು ಉಬ್ಬಸ ಬಂದಾಗ ಮಾತ್ರ. ಸಿಸ್ಟರ್ ಎದುರಿಗೆ ಕೂರಿಸಿಕೊಂಡು ಕಲಿಸಿದರು. ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ, ತುಟಿ ಬಿಗಿ ಮುಚ್ಚಿ, ಒತ್ತುತ್ತಲೇ ನಿಧಾನಕ್ಕೆ ಎಳೆಯಿರಿ, ಹತ್ತು ಎಣಿಸುವವರೆಗೆ ಹಿಡಿದಿಡಿ. ದಿನಾ ತಗೊಳ್ಳುವುದಾದ ಮೇಲೆ ಬಾಯಿ ಮುಕ್ಕಳಿಸಿ. ಅಕ್ಕ ಎರಡನೆಯ ಸಲಕ್ಕೇ ಸರಿಯಾಗಿ ಎಳೆದಳು.

"ಇಷ್ಟೇನಾ?" ಎಂದಳು.

ಗಡಿಯಾರದಣ್ಣ ತಲೆ ತಗ್ಗಿಸಿದ. ಇಷ್ಟೇ ಆಗಿತ್ತು. ಅಂಗಡಿಯಿಂದ ಕಾಲು ಗಂಟೆಯ ನಡಿಗೆ.

ಎರಡು ತಿಂಗಳಿಗೆ ಎದೆಯ ಢವಢವ ಅಡಗಿತು. ನಿದ್ದೆ ಬಂತು. ಒಂದು ಬೆಳಿಗ್ಗೆ ಅಕ್ಕ ತುಂಬಿದ ಚಹಾ ಲೋಟವನ್ನು ತಮ್ಮನ ಕೈಗಿತ್ತಳು. ಒಂದು ಹನಿಯೂ ಚೆಲ್ಲಲಿಲ್ಲ. ಇಬ್ಬರೂ ಲೋಟವನ್ನೇ ನೋಡಿದರು.

ಅವತ್ತು ಅಂಗಡಿಯಲ್ಲಿ ಅವನು ಬಟ್ಟೆ ಬಿಚ್ಚಿ ಚಿಮಟ ತೆಗೆದ. ಅವಳ ಹಳೆಯ ಜಾಗ ಒರೆಸಿ, ಬೆಳಕು ಸರಿಮಾಡಿ, ಒಂದು ಕೈಗಡಿಯಾರ ಬಿಚ್ಚಿ ಮುಂದಿಟ್ಟ. "ಕೂತ್ಕೋ ಅಕ್ಕ."

ಅಕ್ಕ ಭೂತಗನ್ನಡಿ ಸಿಕ್ಕಿಸಿಕೊಂಡಳು. ಸ್ಪ್ರಿಂಗನ್ನು ಎತ್ತಿದಳು. ಕೈ ಸ್ವಲ್ಪವೂ ನಡುಗಲಿಲ್ಲ. ಗಡಿಯಾರದಣ್ಣ ತನ್ನ ಉಸಿರನ್ನೇ ಬಿಗಿಹಿಡಿದಿದ್ದ. ಕೂರಿಸಲು ಹೋದಳು. ಸೊಟ್ಟಗಾಯಿತು. ಇನ್ನೊಂದು ಕೊಟ್ಟ. ಅದೂ ಹಾಗೇ ಆಯಿತು. ಮೂರನೆಯದು ತಟ್ಟೆಯಿಂದ ಹಾರಿ ಎಲ್ಲೋ ಬಿತ್ತು. ನಡುಕ ಹೋಗಿತ್ತು, ಆದರೆ ನಾಲ್ಕೈದು ವರ್ಷ ಕೆಲಸ ಮುಟ್ಟದ ಬೆರಳಿಗೆ ಎಷ್ಟು ಬಿಗಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದೇ ಮರೆತುಹೋಗಿತ್ತು. ಆಮೇಲೂ ಅವಳು ಒಂದಷ್ಟು ದಿನ ಬಿಡದೆ ಕೂತು ನೋಡಿದಳು. ಒಂದು ದಿನ ಸಾಕೆನಿಸಿ ಚಿಮಟ ಕೆಳಗಿಟ್ಟಳು.

"ಬಿಡೋ. ಉಸಿರು ಬಂತಲ್ಲ, ಅದೇ ದೊಡ್ಡದು. ನಂಗೆ ಬೇಜಾರು ಅದಲ್ಲ. ಐದು ವರ್ಷ ನನ್ನ ಕೈಯನ್ನ ನಾನೇ ಬೈಕೊಂಡೆ. ದರಿದ್ರ ಕೈ, ಹಾಳು ಕೈ ಅಂತ. ಅದರದ್ದೇನೂ ತಪ್ಪೇ ಇರ್ಲಿಲ್ಲ."

"ತಪ್ಪು ನಂದು ಅಕ್ಕ."

"ನಂದೂ ಇದೆ. ಬಾಯಿ ಇದ್ದೂ ಕೇಳ್ಲಿಲ್ಲವಲ್ಲ ನಾನು."

ಅದೇ ಸಂಜೆ ಗಡಿಯಾರದಣ್ಣ ಖಾನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನೆಲ್ಲ ಚೀಲಕ್ಕೆ ಸುರಿದು, ಆರೋಗ್ಯ ಕೇಂದ್ರಕ್ಕೆ ಒಯ್ದು, ಸಿಸ್ಟರ್ ಕೈಗೊಪ್ಪಿಸಿದ. ಕಸಕ್ಕೆ ಎಸೆದರೆ ಯಾರ ಕೈಗಾದರೂ ಸಿಕ್ಕೀತು ಎಂಬ ಭಯ ಅವನಿಗೆ. ಸಿಸ್ಟರ್ ಚೀಲ ತಗೊಂಡು, ಮುಂದಿನ ತಿಂಗಳು ಬೀದಿಯ ಹೆಂಗಸರ ಸಭೆಗೆ ಅಕ್ಕ ಬಂದು ನಾಲ್ಕು ಮಾತಾಡಲಿ ಎಂದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದರೆ ಇವತ್ತೇ ಅವರ ಔಷಧಿ ಕೈಗೆ ತಗೊಳ್ಳಿ. ದಿನಾಂಕ ನೋಡಿ. ಬರೆದುಕೊಟ್ಟ ಚೀಟಿ ಯಾವ ಕಾಲದ್ದು ನೋಡಿ. ಒಂದು ಔಷಧಿ ಅಂಗಡಿಗೆ ಬರುವುದು ನಿಂತರೆ ಹುಡುಕಿ ಕೂಡಿಡಬೇಡಿ, ಕಾರಣ ಕೇಳಿ. ಕೈ ನಡುಕ, ಎದೆ ಬಡಿತ, ನಿದ್ದೆಗೇಡು ಇದ್ದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ನೀವಾಗಿಯೇ ಔಷಧಿ ಹೆಚ್ಚಿಸಬೇಡಿ, ನೀವಾಗಿಯೇ ದಿಢೀರನೆ ನಿಲ್ಲಿಸಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ತಗೊಳ್ಳುತ್ತಿರುವುದನ್ನೆಲ್ಲ ಮುಚ್ಚಿಡದೆ ತೋರಿಸಿ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇನ್ನುಳಿದದ್ದನ್ನು ಅಕ್ಕನೇ ಆ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಗಡಿಯಾರದಣ್ಣ ಬಾಗಿಲ ಹೊರಗೆ ಗೋಡೆಗೊರಗಿ ನಿಂತು ಕೇಳುತ್ತಿದ್ದ.

"ನನ್ನ ತಮ್ಮ ಕೆಟ್ಟವನಲ್ಲ. ನಂಗೋಸ್ಕರ ಊರೂರು ಅಲೆದ, ಅಂಗೈಗೆ ಮಾತ್ರೆ ಇಟ್ಟು ನೀರು ಕೊಟ್ಟ. ಅಷ್ಟು ಪ್ರೀತಿಯಿಂದ ಕೊಟ್ಟಿದ್ದರಿಂದಲೇ ಅದೇನು, ಯಾಕೆ ಅಂತ ನಾನು ಒಂದು ದಿನವೂ ಕೇಳ್ಲಿಲ್ಲ. ನಿಮ್ಮ ಮನೇಲೂ ನಿಮ್ಮನ್ನ ಹಾಗೆ ಪ್ರೀತಿಸೋರು ಇರ್ತಾರೆ. ಅವರು ಮಾತ್ರೆ ಕೊಟ್ಟಾಗ ನುಂಗೋ ಮುಂಚೆ ಕೇಳಿ. ಅವರಿಗೆ ಬೇಜಾರಾದ್ರೂ ಪರವಾಗಿಲ್ಲ, ಕೇಳಿ."